ಸತ್ತದ್ದು ಜೇಡವಾದರೆ ಅಳಬಾರದೆ?

ನಮ್ಮ ಗಡಿಭಾಗದ ಊರುಗಳಲ್ಲಿ ಎತ್ತು ಸತ್ತರೆ ಓಣಿ ಸೇರುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿ ಹೋದರೂ ಇದೇ. ಹೆಣ್ಣುಮಕ್ಕಳು ಅದರ ಹಣೆಗೆ ಅರಿಷಿಣ ಕುಂಕುಮ ಹಚ್ಚುತ್ತಾರೆ, ಮನೆಯ ಯಜಮಾನ ಎಲ್ಲರೆದುರೇ ಅಳುತ್ತಾನೆ, ಯಾರೂ ನಗುವುದಿಲ್ಲ. ಇದು ಒಳ್ಳೆಯ ಸಂಗತಿ. ಗಂಡಸು ಬಹಿರಂಗವಾಗಿ ಅಳಲು ನಮ್ಮ ಸಮಾಜ ಕೊಟ್ಟಿರುವ ಕೆಲವೇ ಪರವಾನಗಿಗಳಲ್ಲಿ ಇದೂ ಒಂದು. ನನ್ನ ತಕರಾರು ಈ ಅಳುವಿನ ಬಗ್ಗೆ ಅಲ್ಲ. ಇದೇ ಜನ ಇನ್ನೊಬ್ಬನ ಅಳುವಿಗೆ ಹೇಳುವ ಒಂದು ಮಾತಿನ ಬಗ್ಗೆ: "ಹುಳಕ್ಕ ಯಾರರ ಅಳತಾರೇನಲೇ?"

ಈ ಮಾತನ್ನು ನಾನು ಕೇಳಿದ್ದು ನನ್ನ ಚಿಕ್ಕಮ್ಮನ ಮನೆಯಲ್ಲಿ, ರಾಯಬಾಗ ತಾಲ್ಲೂಕಿನ ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ. ಅವಳ ಮಗ ಡಿಪ್ಲೊಮಾ ಓದುವ ಹುಡುಗ. ಮೂರು ವರ್ಷಗಳ ಹಿಂದೆ ಮನೆಯ ಪಾಯ ತೋಡುವಾಗ ಮಣ್ಣಿನ ಬಿಲವೊಂದು ಒಡೆದು, ಅಂಗೈಯ ಅರ್ಧ ತುಂಬುವಷ್ಟು ದೊಡ್ಡ, ಮೈತುಂಬ ರೋಮವಿದ್ದ ಜೇಡವೊಂದು ಹೊರಬಿತ್ತು. ಕೂಲಿಯವರು ಗುದ್ದಲಿ ಎತ್ತಿದರು. ಇವನು ಅದನ್ನು ಡಬ್ಬಿಯಲ್ಲಿ ಹಿಡಿದ. ಟರಾಂಟುಲಾ ಕುಟುಂಬದ ಜೇಡ ಎಂಬುದು ಮೊಬೈಲಿನಲ್ಲಿ ಹುಡುಕಿದ ಮೇಲೆ ತಿಳಿಯಿತು. ಗಾಜಿನ ಭರಣಿಯಲ್ಲಿ ನಾಲ್ಕು ಬೆರಳು ಮಣ್ಣು ಹಾಕಿ, ತೆಂಗಿನ ಚಿಪ್ಪಿನ ಮರೆ ಇಟ್ಟು, ವಾರಕ್ಕೊಮ್ಮೆ ಮಿಡತೆ ಕೊಡುತ್ತ ಸಾಕಿದ. ಅದು ಮೊದಲ ಸಲ ಪೊರೆ ಬಿಡಲು ಅಂಗಾತ ಮಲಗಿದಾಗ ಚಿಕ್ಕಮ್ಮ "ಸತ್ತಿತು, ಚೆಲ್ಲಿ ಬಾ" ಅಂದಿದ್ದಳು. ಟರಾಂಟುಲಾಗಳು ಬೆನ್ನ ಮೇಲೆ ಮಲಗಿಯೇ ಪೊರೆ ಕಳಚುತ್ತವೆ ಎಂದು ಅವನು ಓದಿಕೊಂಡಿದ್ದ. ಒಂದು ಹಗಲು ಕಾದ. ಹಳೆಯ ಚರ್ಮದಿಂದ ಎಂಟೂ ಕಾಲುಗಳನ್ನು ಕೈಗವಸಿನಂತೆ ಎಳೆದುಕೊಂಡು ಅದು ಹೊರಬಂತು.

ಹೋದ ವರ್ಷ ಭರಣಿ ಗೋಡೆಯ ಮಾಡದಿಂದ ಕೆಳಗೆ ಬಿತ್ತು. ಜೇಡದ ಹೊಟ್ಟೆ ಸೀಳಿತು. ಅವನು ಜೋಳದ ಪಿಷ್ಟ ಒತ್ತಿ ಸೋರಿಕೆ ನಿಲ್ಲಿಸಲು ನೋಡಿದ, ಒಬ್ಬ ಪಶುವೈದ್ಯರ ಹತ್ತಿರ ಒಯ್ದ. ಅಲ್ಲಿ ನಗು ಎದ್ದಿತು; "ಎಮ್ಮಿ ಇದ್ರ ತೊಗೊಂಡ್ ಬಾ" ಎಂಬ ಮಾತು ಬಂತು. ಮೂರನೆಯ ದಿನ ಕಾಲುಗಳೆಲ್ಲ ಒಳಕ್ಕೆ ಮಡಚಿಕೊಂಡು ಅದು ಸತ್ತಿತು. ಅವನು ಅತ್ತ. ಊರಿನ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಅವನ ಅಳು ಒಂದು ವಾರ ನಗೆಚಾಟಿಕೆಯಾಯಿತು.

ಅವನು ಅದನ್ನು ಸಾಕಿದ್ದು ಸರಿಯೇ ಎಂಬ ಪ್ರಶ್ನೆ ಬೇರೆ, ಅದಕ್ಕೆ ಬರುತ್ತೇನೆ. ಮೊದಲು ಈ ನಗುವನ್ನು ವಿಚಾರಿಸಿಕೊಳ್ಳಬೇಕು. ಯಾಕೆಂದರೆ ಈ ನಗುವಿನ ಬೆನ್ನಿಗೆ ಮೂರು ವಾದಗಳಿವೆ, ಮೂರೂ ಮೇಲುನೋಟಕ್ಕೆ ಬುದ್ಧಿವಂತ ವಾದಗಳು.

ಮೊದಲನೆಯದು: "ಎತ್ತು ದುಡಿಯುತ್ತದೆ, ಆಕಳು ಹಾಲು ಕೊಡುತ್ತದೆ. ಜೇಡ ಏನು ಕೊಡುತ್ತದೆ?" ಈ ವಾದ ಪ್ರಾಮಾಣಿಕವಾದದ್ದು, ಸರ್ಕಾರವೂ ಇದನ್ನೇ ನಂಬಿದೆ. 2019 ಮತ್ತು 2021ರ ಮಹಾಪೂರಗಳಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ನಮ್ಮ ದಂಡೆಯ ಊರುಗಳನ್ನು ಮುಳುಗಿಸಿದ್ದನ್ನು ನೀವು ನೋಡಿದ್ದೀರಿ. ವಿಪತ್ತು ಪರಿಹಾರದ 2022–26ರ ನಿಯಮದಲ್ಲಿ ಹಾಲು ಕೊಡುವ ಎಮ್ಮೆ, ಆಕಳಿಗೆ 37,500 ರೂಪಾಯಿ; ಉಳುವ ಎತ್ತಿಗೆ 32,000; ಕುರಿ, ಆಡಿಗೆ 4,000; ಕೋಳಿಗೆ 100. ಮನೆ ಕಾಯ್ದ ನಾಯಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಬದುಕು ಕಳೆದುಕೊಂಡ ರೈತನಿಗೆ ಕೊಡುವ ಪರಿಹಾರದ ಪಟ್ಟಿಯಾಗಿ ಇದು ಸರಿಯೇ ಇರಬಹುದು. ಆದರೆ ಇದು ದುಡಿಮೆಯ ನಷ್ಟದ ಪಟ್ಟಿ. ಇದನ್ನೇ ದುಃಖದ ಪಟ್ಟಿ ಮಾಡಿಕೊಂಡರೆ ಏನಾಗುತ್ತದೆ? ಬೇಂದೂರದ ದಿನ ಕೋಡಿಗೆ ಬಣ್ಣ ಬಳಿದು, ಜೂಲು ಹೊದಿಸಿ, ಮೆರವಣಿಗೆ ಮಾಡಿದ ಎತ್ತನ್ನೇ ಮೊಣಕಾಲು ಸೋತ ವರ್ಷ ಸಂತೆಗೆ ಹೊಡೆದುಕೊಂಡು ಹೋಗುವುದು ಸಹಜವಾಗುತ್ತದೆ. ಉಪಯೋಗಕ್ಕಾಗಿಯೇ ಪ್ರೀತಿ ಎಂದಾದರೆ ಉಪಯೋಗ ಮುಗಿದ ದಿನ ಪ್ರೀತಿಯೂ ಮುಗಿಯಬೇಕು. ಈ ತರ್ಕ ದನದಲ್ಲಿ ನಿಲ್ಲುವುದಿಲ್ಲ, ಹಾಸಿಗೆ ಹಿಡಿದ ಅಜ್ಜಿಯವರೆಗೂ ಬರುತ್ತದೆ. ಎತ್ತಿಗಾಗಿ ನಿಜವಾಗಿ ಅತ್ತವನು ದುಡಿಮೆಗಾಗಿ ಅತ್ತದ್ದಲ್ಲ ಎಂದು ನನ್ನ ನಂಬಿಕೆ. ಹಂತಿಯ ಹಾಡುಗಳಲ್ಲಿ ಎತ್ತಿನ ಬಗ್ಗೆ ಇರುವ ಅಕ್ಕರೆಗೆ ಹಂತಿಯ ರಾಶಿಯ ಲೆಕ್ಕ ಕಟ್ಟಲು ಬರುವುದಿಲ್ಲ. ಹಾಗಾದರೆ ಜೇಡಕ್ಕೆ ಮಾತ್ರ ಆ ಲೆಕ್ಕ ಯಾಕೆ?

ಎರಡನೆಯ ವಾದ ಸ್ವಲ್ಪ ಸೂಕ್ಷ್ಮ: "ಅದಕ್ಕೆ ನಿನ್ನ ಗುರುತೇ ಇಲ್ಲ. ನಾಯಿ ಬಾಲ ಅಲ್ಲಾಡಿಸುತ್ತದೆ, ಎಮ್ಮೆ ದನಿ ಕೇಳಿ ಕೂಗುತ್ತದೆ. ಜೇಡಕ್ಕೆ ನೀನೂ ಒಂದೇ, ಗೋಡೆಯೂ ಒಂದೇ." ಒಪ್ಪುತ್ತೇನೆ. ಟರಾಂಟುಲಾ ಸಾಕಿದವನನ್ನು ಪ್ರೀತಿಸುತ್ತದೆ ಎನ್ನಲು ಯಾವ ಆಧಾರವೂ ಇಲ್ಲ. ಆದರೆ ದುಃಖ ಎನ್ನುವುದು ಪಡೆದ ಪ್ರೀತಿಗೆ ಕೊಡುವ ರಸೀತಿಯೇ? ಮರ ಉರುಳಿದರೆ ನೋಯುತ್ತೇವೆ, ಹಳೆಯ ಬಾವಿ ಮುಚ್ಚಿದರೆ ನೋಯುತ್ತೇವೆ. ನಾವು ಗಮನ ಕೊಟ್ಟದ್ದು ಹೋದಾಗ ನೋವಾಗುತ್ತದೆ. ನಮ್ಮನ್ನು ಗಮನಿಸಿದ್ದು ಹೋದಾಗ ಮಾತ್ರವಲ್ಲ.

ಇದಕ್ಕೆ ಜಗತ್ತು ನೋಡಿದ ಒಂದು ಉದಾಹರಣೆ ಇದೆ. ಪಶ್ಚಿಮ ಆಸ್ಟ್ರೇಲಿಯಾದ ನಾರ್ತ್ ಬಂಗುಲ್ಲ ಎಂಬ ಸಣ್ಣ ಮೀಸಲು ಕಾಡಿನಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿ 1974ರಲ್ಲಿ ಬಿಲಕ್ಕೆ ಬಾಗಿಲು ಕಟ್ಟುವ ಜೇಡಗಳ ಅಧ್ಯಯನ ಶುರುಮಾಡಿದರು. ಇವು ಟರಾಂಟುಲಾಗಳ ಹತ್ತಿರದ ಬಂಧುಗಳು. ಒಂದೊಂದು ಬಿಲದ ಪಕ್ಕದಲ್ಲೂ ಒಂದೊಂದು ಸಂಖ್ಯೆಯ ಗೂಟ. ಹದಿನಾರನೆಯ ಸಂಖ್ಯೆಯ ಹೆಣ್ಣು ಜೇಡ ಅದೇ ಬಿಲದಲ್ಲಿ 43 ವರ್ಷ ಬದುಕಿತು. ಮೇನ್ ದಶಕಗಳ ಕಾಲ ಅದನ್ನು ನೋಡಲು ಹೋಗುತ್ತಿದ್ದರು; ವಯಸ್ಸಾದ ಮೇಲೆ ಆ ಕೆಲಸ ಲಿಯಾಂಡಾ ಮೇಸನ್ ಎಂಬ ಕಿರಿಯ ಸಂಶೋಧಕಿಗೆ ಬಂತು. 2016ರಲ್ಲಿ ಮೇಸನ್ ಹೋದಾಗ ಬಿಲದ ಮುಚ್ಚಳಕ್ಕೆ ತೂತು ಬಿದ್ದಿತ್ತು, ಪರಾವಲಂಬಿ ಕಣಜವೊಂದು ಒಳಹೊಕ್ಕಿತ್ತು. ಸಂಖ್ಯೆ 16 ಸತ್ತ ಸುದ್ದಿ 2018ರಲ್ಲಿ ಪ್ರಕಟವಾದಾಗ ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ವರದಿ ಮಾಡಿದವು. ಆ ಜೇಡಕ್ಕೆ ಮೇನ್ ಯಾರೆಂದು ಗೊತ್ತಿರಲಿಲ್ಲ. ಅದರಿಂದ ಆ ನಾಲ್ಕು ದಶಕ ಹಗುರವಾಯಿತೇ? ನಾನು ಪಿಎಚ್.ಡಿ. ಮಾಡುತ್ತಿರುವವಳು, ಐದು ವರ್ಷ ಒಂದು ವಿಷಯದ ಬೆನ್ನು ಹತ್ತುವುದು ಎಂದರೇನೆಂದು ಬಲ್ಲೆ. ನಾನು ಓದುವ ಹಸ್ತಪ್ರತಿಗೂ ನನ್ನ ಗುರುತಿಲ್ಲ. ನಾಳೆ ಅದು ಸುಟ್ಟುಹೋದರೆ ನಾನು ಅಳುವುದಿಲ್ಲ ಎಂದು ಯಾರೂ ಭಾವಿಸಬಾರದು.

ಮೂರನೆಯ ವಾದ ಅಂಜಿಕೆಯದು: "ಅದು ವಿಷದ ಹುಳ, ಸತ್ತರೆ ಒಳ್ಳೆಯದೇ." ಈ ಅಂಜಿಕೆಯ ಚರಿತ್ರೆಯೇ ಒಂದು ತಮಾಷೆ. ಟರಾಂಟುಲಾ ಎಂಬ ಹೆಸರು ಬಂದದ್ದು ಇಟಲಿಯ ದಕ್ಷಿಣದ ತಾರಾಂತೊ ಪಟ್ಟಣದಿಂದ. ಅಲ್ಲಿ ಜೇಡ ಕಡಿದವರು ಕುಣಿದು ಕುಣಿದೇ ವಿಷ ಇಳಿಸಿಕೊಳ್ಳಬೇಕು ಎಂಬ ನಂಬಿಕೆಯಿತ್ತು; ತಾರಾಂತೆಲ್ಲಾ ಎಂಬ ಕುಣಿತದ ಹೆಸರೂ ಅದೇ ಊರಿನದು. ಆದರೆ ಆ ಹೆಸರು ಹೊತ್ತ ಜೇಡ ಇವತ್ತು ನಾವು ಟರಾಂಟುಲಾ ಅನ್ನುವ ಜೇಡವೇ ಅಲ್ಲ. ಅದು ತೋಳ ಜೇಡ. ಯುರೋಪಿನವರು ಬೇರೆ ಖಂಡಗಳಿಗೆ ಹೋದಾಗ ಕಂಡ ದೊಡ್ಡ ರೋಮದ ಜೇಡಗಳಿಗೆಲ್ಲ ಊರಿನ ಅಂಜಿಕೆಯ ಹೆಸರನ್ನೇ ಅಂಟಿಸಿದರು. ಟರಾಂಟುಲಾ ಕಡಿತದಿಂದ ಮನುಷ್ಯ ಸತ್ತ ಖಚಿತ ದಾಖಲೆ ಇಲ್ಲ. ನೋವಾಗುತ್ತದೆ, ಕೆಲವು ಜಾತಿಗಳ ಕಡಿತದಿಂದ ಸ್ನಾಯುಗಳು ದಿನಗಟ್ಟಲೆ ಸೆಟೆಯುತ್ತವೆ, ಇದು ನಿಜ. ಆದರೆ ನಮ್ಮ ಕಬ್ಬಿನ ಗದ್ದೆಯಲ್ಲಿ ಜನರನ್ನು ಕೊಲ್ಲುತ್ತಿರುವುದು ಕೊಳಕುಮಂಡಲದಂಥ ಹಾವುಗಳೇ ಹೊರತು ಜೇಡವಲ್ಲ. ವಿಚಿತ್ರವೆಂದರೆ ಹಾವಿಗೆ ನಾವು ಪಂಚಮಿಯ ದಿನ ಹಾಲೆರೆಯುತ್ತೇವೆ.

ವಾಸ್ತವದಲ್ಲಿ ಯಾರು ಯಾರಿಗೆ ಅಂಜಬೇಕು? ಟರಾಂಟುಲಾದ ಕಾಲುಗಳಲ್ಲಿ ಮಡಚುವ ಸ್ನಾಯುಗಳಿವೆ. ಮುಖ್ಯ ಕೀಲುಗಳನ್ನು ಚಾಚುವ ಸ್ನಾಯುಗಳಿಲ್ಲ. ಮೈಯೊಳಗಿನ ದ್ರವದ ಒತ್ತಡದಿಂದ ಅದು ಕಾಲು ಚಾಚುತ್ತದೆ, ಹೆಚ್ಚುಕಡಿಮೆ ಜೆಸಿಬಿಯ ಕೈ ಚಾಚುವ ಹಾಗೆ. ಆ ದ್ರವವೇ ಅದರ ರಕ್ತ; ಅದರಲ್ಲಿ ಕಬ್ಬಿಣದ ಬದಲು ತಾಮ್ರವಿರುವುದರಿಂದ ನಸುನೀಲಿ. ಹೊಟ್ಟೆಯ ಚರ್ಮ ತೆಳುವಾದ ಚೀಲದಂತೆ. ನಾಯಿ ಲೆಕ್ಕಿಸದ ಎತ್ತರದಿಂದ ಬಿದ್ದರೂ ಅದು ಒಡೆಯಬಹುದು. ರಕ್ತ ಸೋರಿದರೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಕಾಲು ಚಾಚಲಾಗದೆ ಒಳಕ್ಕೆ ಮಡಚಿಕೊಳ್ಳುತ್ತದೆ. ಕಾಲು ಮುರಿದರೆ ಮುಂದಿನ ಪೊರೆಗಳಲ್ಲಿ ಹೊಸ ಕಾಲು ಬೆಳೆಸಿಕೊಳ್ಳಬಲ್ಲ ಈ ಪ್ರಾಣಿಗೆ ಒಂದು ಬೀಳುವಿಕೆಯನ್ನು ತಡೆದುಕೊಳ್ಳಲಾಗುವುದಿಲ್ಲ. ಆ ಹುಡುಗ ಮೂರು ದಿನ ಕಂಡದ್ದು ಇದನ್ನೇ. ಇಷ್ಟು ನಾಜೂಕಿನ ಜೀವವನ್ನು ನಾವು ರಾಕ್ಷಸ ಮಾಡಿ ನಿಲ್ಲಿಸಿದ್ದೇವೆ.

ಇನ್ನು, ಜೇಡ ಏನು ಕೊಡುತ್ತದೆ ಎಂದು ಕೇಳಿದವರಿಗೆ ಅವರ ಲೆಕ್ಕದಲ್ಲೇ ಒಂದು ಉತ್ತರ ಕೊಡುತ್ತೇನೆ, ಅವರ ಲೆಕ್ಕವನ್ನು ಒಪ್ಪದಿದ್ದರೂ. ಜಗತ್ತಿನ ಜೇಡಗಳೆಲ್ಲ ಸೇರಿ ವರ್ಷಕ್ಕೆ 40ರಿಂದ 80 ಕೋಟಿ ಟನ್ ಬೇಟೆ ತಿನ್ನುತ್ತವೆ, ಅದರಲ್ಲಿ ಬಹುಪಾಲು ಕೀಟಗಳು ಎಂದು 2017ರಲ್ಲಿ ವಿಜ್ಞಾನಿಗಳು ಅಂದಾಜಿಸಿದರು. ಸಣ್ಣ ಜೀವಿಗಳ ಋಣ ನಮ್ಮ ಭಾಗಕ್ಕೆ ಹೊಸತೇನಲ್ಲ. 2002ರಲ್ಲಿ ಸಾಂಗ್ಲಿ ಕಡೆ ಕಾಣಿಸಿಕೊಂಡ ಬಿಳಿ ಉಣ್ಣೆ ಹೇನು ಗಡಿ ದಾಟಿ ನಮ್ಮ ಕಬ್ಬಿಗೆ ಹಬ್ಬಿದಾಗ ಔಷಧಿ ಹೊಡೆದೂ ಹೊಡೆದೂ ರೈತರು ಸೋತಿದ್ದರು. ಕಬ್ಬನ್ನು ಉಳಿಸಿದ್ದು ಡೈಫಾ ಎಂಬ ಪತಂಗದ ಮರಿಹುಳು, ಮೈಕ್ರೋಮಸ್ ಎಂಬ ಪುಟ್ಟ ಪರಭಕ್ಷಕ ಕೀಟ. ಕೃಷಿ ವಿಜ್ಞಾನಿಗಳು ಅವನ್ನು ಬೆಳೆಸಿ ಹಂಚಿದರು, ರೈತರು ಜೋಪಾನವಾಗಿ ಒಯ್ದು ಗದ್ದೆಗೆ ಬಿಟ್ಟರು. ಅಂದರೆ ಹುಳವನ್ನು ಮಗುವಿನಂತೆ ಒಯ್ಯುವುದು ನಮಗೆ ಬರುತ್ತದೆ. ಆದರೂ ಇವತ್ತಿಗೂ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಡುತ್ತೇವೆ. ಗದ್ದೆಯ ಜೇಡ, ಜೀರುಂಡೆ, ಎರೆಹುಳ ಎಲ್ಲ ಒಂದೇ ಸಂಜೆಯಲ್ಲಿ ಬೂದಿ. "ಹುಳಕ್ಕೆ ಯಾರಾದರೂ ಅಳುತ್ತಾರೆಯೇ" ಎಂಬ ಮಾತಿಗೂ ಆ ಬೆಂಕಿಗೂ ಸಂಬಂಧವಿದೆ. ಅಳುವ ಯೋಗ್ಯತೆ ಇಲ್ಲದ್ದೆಂದು ಮೊದಲು ತೀರ್ಮಾನಿಸಿದ್ದನ್ನು ಸುಡಲು ಕೈ ನಡುಗುವುದಿಲ್ಲ.

ಈ ತೀರ್ಮಾನದಲ್ಲಿ ನಮ್ಮ ಭಾಷೆಯ ಪಾಲೂ ಇದೆ, ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಅದನ್ನು ಹೇಳಲೇಬೇಕು. ಕನ್ನಡದಲ್ಲಿ ಜೇಡ ಎಂದರೆ ಬಲೆ, ಬಲೆ ಎಂದರೆ ಮೋಸ. 1968ರಲ್ಲಿ ರಾಜ್‌ಕುಮಾರ್ ಪತ್ತೇದಾರರಾಗಿ ಬಂದ ಚಿತ್ರದ ಹೆಸರೇ 'ಜೇಡರ ಬಲೆ'. ರಾಜಕಾರಣಿಯ ಸಂಚು, ಸಾಲಗಾರನ ಕುತ್ತಿಗೆ, ಸಂಸಾರದ ಮಾಯೆ, ಎಲ್ಲದಕ್ಕೂ ಜೇಡದ ಬಲೆಯೇ ರೂಪಕ. ಬಿಲದಲ್ಲಿ ಕೂತು ವರ್ಷಗಟ್ಟಲೆ ಬಾಳುವ ಜೇಡಕ್ಕೆ ಈ ರೂಪಕದಲ್ಲಿ ಜಾಗವೇ ಇಲ್ಲ. ಟರಾಂಟುಲಾ ಹಾರುವ ಹುಳಕ್ಕಾಗಿ ಚಕ್ರದ ಬಲೆ ಕಟ್ಟುವುದಿಲ್ಲ. ಆದರೆ ನಮ್ಮ ಪರಂಪರೆ ಇಷ್ಟು ಬಡವಾಗಿಲ್ಲ. ಜೇಡ ಎಂಬ ಶಬ್ದ ನೇಕಾರನಿಗೂ ಸಲ್ಲುತ್ತದೆ. ದಾಸಿಮಯ್ಯನ ಹೆಸರಿನ ಹಿಂದೆ ಅದು ಗೌರವವಾಗಿ ನಿಂತಿದೆ. ಶ್ರೀಕಾಳಹಸ್ತಿಯ ಹೆಸರಿನ ಮೊದಲ ಅಕ್ಷರ ಜೇಡದ್ದು ಎನ್ನುತ್ತದೆ ಸ್ಥಳಪುರಾಣ: ಶ್ರೀ ಎಂದರೆ ಜೇಡ, ಕಾಳ ಎಂದರೆ ಹಾವು, ಹಸ್ತಿ ಎಂದರೆ ಆನೆ. ಲಿಂಗದ ಮೇಲೆ ಬಲೆಯ ಗುಡಿ ಕಟ್ಟಿದ ಜೇಡ, ದೀಪದ ಉರಿ ಅದನ್ನು ಸುಟ್ಟಾಗ ಆ ಉರಿಯನ್ನೇ ನುಂಗಲು ಹೋದ ಕತೆ ಅದು. ಪುರಾಣಕಾರ ಆ ಸಣ್ಣ ಮೈಯನ್ನು ಆನೆಯ ಪಕ್ಕದಲ್ಲಿ ನಿಲ್ಲಿಸಿದ, ಆನೆಗಿಂತ ಮೊದಲು ಹೆಸರಿಸಿದ. ನಮ್ಮ ಕಾಲಕ್ಕೆ ಬಂದರೆ ತೇಜಸ್ವಿಯವರ 'ಕರ್ವಾಲೊ' ಒಂದು ಹಾರುವ ಓತಿಯ ಬೆನ್ನು ಹತ್ತಿ ಹೋಗುತ್ತದೆ, ಆ ಕಾದಂಬರಿಯನ್ನು ಓದಿದ ಯಾರೂ "ಒಂದು ಓತಿಗೆ ಇಷ್ಟೆಲ್ಲ ಯಾಕೆ" ಎಂದು ಕೇಳುವುದಿಲ್ಲ. ಪುಸ್ತಕದಲ್ಲಿ ಒಪ್ಪುವ ನಾವು ಓಣಿಯಲ್ಲಿ ಯಾಕೆ ನಗುತ್ತೇವೆ?

ಅದರಲ್ಲೂ ಈ ಓಣಿಗಳಲ್ಲಿ. ಆಚಾರ್ಯ ಶಾಂತಿಸಾಗರರ ಭೋಜ, ಆಚಾರ್ಯ ವಿದ್ಯಾಸಾಗರರ ಸದಲಗಾ, ಆಚಾರ್ಯ ವಿದ್ಯಾನಂದರ ಶೇಡಬಾಳ, ಮೂರೂ ಇದೇ ನೆಲದ ಊರುಗಳು. ಇಲ್ಲಿ ಸೂರ್ಯ ಮುಳುಗಿದ ಮೇಲೆ ಉಣ್ಣದ ಮನೆಗಳಿವೆ, ನೀರು ಸೋಸದೆ ಕುಡಿಯದ ಅಜ್ಜಂದಿರಿದ್ದಾರೆ. ಜೈನರ ವಿಂಗಡಣೆಯಲ್ಲಿ ಜೀವಗಳನ್ನು ಅಳೆಯುವುದು ಉಪಯೋಗದಿಂದಲ್ಲ, ಇಂದ್ರಿಯಗಳಿಂದ: ಇರುವೆಗೆ ಮೂರು, ಜೇಡ, ಚೇಳು, ದುಂಬಿಗಳಿಗೆ ನಾಲ್ಕು, ಎತ್ತಿಗೆ ನಮ್ಮ ಹಾಗೆ ಐದು. ಈ ಏಣಿಯಲ್ಲಿಯೂ ಮೇಲು ಕೆಳಗು ಇದೆ ನಿಜ, ಆದರೆ ಯಾವ ಮೆಟ್ಟಿಲೂ ಲೆಕ್ಕದಿಂದ ಹೊರಗಿಲ್ಲ. ಜೇಡಕ್ಕೂ ಎತ್ತಿಗೂ ನಡುವೆ ಇರುವುದು ಒಂದೇ ಮೆಟ್ಟಿಲು. ಜೈನರಿರಲಿ, ಲಿಂಗಾಯತರಿರಲಿ, ಕುರುಬರಿರಲಿ, ಈ ಅರಿವು ಹರಡಿದ ನೆಲದಲ್ಲಿ ಬೆಳೆದವರ ಬಾಯಲ್ಲಿ "ಬರೀ ಹುಳ" ಎಂಬ ಮಾತು ಪರದೇಶಿಯಂತೆ ಕೇಳುತ್ತದೆ.

ಈಗ ಬಾಕಿ ಉಳಿದ ಪ್ರಶ್ನೆ. ಜೇಡಕ್ಕಾಗಿ ಅಳುವುದು ಸರಿ ಎಂದಾದರೆ ಜೇಡವನ್ನು ಸಾಕುವುದು ಸರಿಯೇ? ನನ್ನ ಉತ್ತರ ನಗುವವರಿಗೆ ಹಿಡಿಸದಿದ್ದಷ್ಟೇ ಸಾಕುವವರಿಗೂ ಹಿಡಿಸಲಿಕ್ಕಿಲ್ಲ. ಇಂದ್ರಿಯಗಳನ್ನು ಎಣಿಸಿ ಜೀವಕ್ಕೆ ಬೆಲೆ ಕೊಟ್ಟ ಅದೇ ಅರಿವು ಪಂಜರವನ್ನೂ ಹಿಂಸೆಯ ಲೆಕ್ಕಕ್ಕೇ ಹಾಕುತ್ತದೆ. ಬಿಲದಲ್ಲಿದ್ದ ಜೇಡಕ್ಕೆ ಮಾಡದಿಂದ ಬೀಳುವ ಭಯ ಇರಲಿಲ್ಲ. ಆ ಎತ್ತರ ಮನುಷ್ಯ ಕೊಟ್ಟದ್ದು. ನಮ್ಮ ಹುಡುಗನದು ಗುದ್ದಲಿಯಿಂದ ಉಳಿಸಿದ ಜೀವ, ಅವನನ್ನು ನಾನು ದೂರುವುದಿಲ್ಲ. ಆದರೆ ಅಂಚೆಯಲ್ಲಿ ಜೇಡ ತರಿಸುವ ಶೋಕಿ ಬೇರೆಯದೇ ವ್ಯವಹಾರ. 2021ರ ಜುಲೈನಲ್ಲಿ ಚೆನ್ನೈನ ಕಸ್ಟಮ್ಸ್ ಅಧಿಕಾರಿಗಳು ಪೋಲೆಂಡಿನಿಂದ ಬಂದ ಪಾರ್ಸೆಲ್ ಬಿಚ್ಚಿದಾಗ ಪುಟ್ಟ ಸೀಸೆಗಳಲ್ಲಿ, ಹತ್ತಿ ಮತ್ತು ಬೆಳ್ಳಿ ಹಾಳೆಯಲ್ಲಿ ಸುತ್ತಿದ 107 ಜೀವಂತ ಜೇಡಗಳು ಸಿಕ್ಕವು.

ನಮ್ಮ ನೆರೆಯ ಗುತ್ತಿಯ ಕತೆ ಇನ್ನೂ ಕಹಿ. ಅನಂತಪುರ ಜಿಲ್ಲೆಯ ಗುತ್ತಿ ರೈಲ್ವೆಯ ಮರದ ದಾಸ್ತಾನಿನಲ್ಲಿ ಸಿಕ್ಕ ನೀಲಿ ಹೊಳಪಿನ ಜೇಡವೊಂದನ್ನು 1899ರಲ್ಲಿ ಪೊಕಾಕ್ ಎಂಬ ಪ್ರಾಣಿಶಾಸ್ತ್ರಜ್ಞ ವಿವರಿಸಿ ಹೆಸರಿಟ್ಟ. ಆಮೇಲೆ ನೂರು ವರ್ಷ ಅದರ ಸುಳಿವಿಲ್ಲ. 2001ರಲ್ಲಿ ನಂದ್ಯಾಲ, ಗಿದ್ದಲೂರುಗಳ ನಡುವಿನ ಕಾಡಿನ ಮರದ ಪೊಟರೆಗಳಲ್ಲಿ ಮತ್ತೆ ಸಿಕ್ಕಿತು. ಸಿಕ್ಕ ಕೆಲವೇ ವರ್ಷಗಳಲ್ಲಿ ಅದು ಯುರೋಪು, ಅಮೆರಿಕಗಳ ಸಾಕುಪ್ರಾಣಿ ಪೇಟೆಯ ಸೊತ್ತಾಯಿತು. 2008ರಲ್ಲಿ ಅಂತರರಾಷ್ಟ್ರೀಯ ಸಂರಕ್ಷಣಾ ಒಕ್ಕೂಟ ಅದನ್ನು ಅಳಿವಿನ ಅಂಚಿನ ಜೀವಿ ಎಂದು ಸಾರಿತು. ಅದರ ಇಡೀ ಕುಲವನ್ನು ವನ್ಯಜೀವಿ ವ್ಯಾಪಾರ ನಿಯಂತ್ರಣದ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಿದ್ದು 2019ರಲ್ಲಿ. ಆ ಪಟ್ಟಿಗೆ ನಮ್ಮ ವನ್ಯಜೀವಿ ಕಾಯ್ದೆಯೊಳಗೆ ಜಾಗ ಸಿಕ್ಕಿದ್ದು 2022ರ ತಿದ್ದುಪಡಿಯಿಂದ. ಇವತ್ತು ನೀಲಿ ಜೇಡ ದೂರದೇಶದ ಗಾಜಿನ ಪೆಟ್ಟಿಗೆಗಳಲ್ಲಿ ಮರಿ ಹಾಕುತ್ತಿದೆ, ಹುಟ್ಟಿದ ಕಾಡಿನಲ್ಲಿ ಸೌದೆಗಾಗಿ ಕಡಿಯುವ ಮರಗಳ ನಡುವೆ ಜಾಗ ಹುಡುಕುತ್ತಿದೆ.

ಆದ್ದರಿಂದ ನನ್ನ ಜಗಳ ಎರಡು ಕಡೆಗೂ. ಜೇಡ ಸತ್ತರೆ ನಗುವವನೂ, ಜೇಡವನ್ನು ಆಭರಣದಂತೆ ಕೊಳ್ಳುವವನೂ ಒಂದೇ ನಂಬಿಕೆಯ ಇಬ್ಬರು ಭಕ್ತರು: ಅದಕ್ಕೆ ತನ್ನದೇ ಆದ ಬದುಕಿಲ್ಲ ಎಂಬ ನಂಬಿಕೆ. ನಿಜವಾಗಿ ಅತ್ತವನು ಇನ್ನೊಂದನ್ನು ಕೊಳ್ಳಲು ಅಂಗಡಿ ಹುಡುಕುವುದಿಲ್ಲ. ನಮ್ಮ ಹುಡುಗ ಹುಡುಕಲಿಲ್ಲ. ಈಗ ಪಾಯ ತೋಡುವ ಕಡೆ, ಬಾವಿ ತೆಗೆಯುವ ಕಡೆ ಬಿಲ ಕಂಡರೆ ಕೂಲಿಯವರು ಅವನಿಗೆ ಫೋನು ಮಾಡುತ್ತಾರೆ. ಅವನು ಡಬ್ಬಿ ತಂದು ಹಿಡಿದು ಬದುವಿನ ಆಚೆ ಬಿಟ್ಟುಬರುತ್ತಾನೆ. ನಗುವವರು ಈಗಲೂ ನಗುತ್ತಾರೆ. ಆದರೆ ಗುದ್ದಲಿ ಎತ್ತುವ ಮುನ್ನ ಒಂದು ಗಳಿಗೆ ತಡೆಯುತ್ತಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಅಥಣಿ ತಾಲ್ಲೂಕಿಗೆ ಈಗ ಪಶುವೈದ್ಯಕೀಯ ಕಾಲೇಜು ಬಂದಿದೆ. ಅಲ್ಲಿ ಓದುವ ನನ್ನ ವಯಸ್ಸಿನವರು ನಾಳೆ ಯಾರಾದರೂ ಡಬ್ಬಿಯಲ್ಲಿ ಗಾಯದ ಜೀವವೊಂದನ್ನು ತಂದರೆ "ಇದಕ್ಕೆ ಮದ್ದಿಲ್ಲ" ಎಂದು ಬೇಕಾದರೆ ಹೇಳಲಿ, ನಗದೆ ಹೇಳಲಿ. ಕನ್ನಡ ಕಲಿಸುವವರು ಜೇಡವನ್ನು ಬಲೆಯ ರೂಪಕದಿಂದ ಒಮ್ಮೆ ಬಿಡಿಸಿ ಜೀವವಾಗಿ ತೋರಿಸಲಿ. ರವದಿಯನ್ನು ಸುಡದೆ ಪುಡಿಮಾಡಿ ಮಣ್ಣಿಗೆ ಸೇರಿಸುವ ದಾರಿ ನಮ್ಮ ಕೆಲವು ರೈತರಿಗೆ ಗೊತ್ತೇ ಇದೆ. ಅವರನ್ನು ನೋಡಿ ಉಳಿದವರು ಕಲಿಯಲಿ. ಮತ್ತು ಇನ್ನೊಬ್ಬರ ದುಃಖದ ಗಾತ್ರವನ್ನು ಸತ್ತ ಪ್ರಾಣಿಯ ಗಾತ್ರದಿಂದ ಅಳೆಯುವ ತಕ್ಕಡಿಯನ್ನು ನಾವೆಲ್ಲ ಕೆಳಗಿಡೋಣ. ಆ ತಕ್ಕಡಿಯಲ್ಲಿ ಇವತ್ತು ಜೇಡ ಹಗುರ. ನಾಳೆ ಯಾರು ಹಗುರ ಎಂದು ತಕ್ಕಡಿ ಹಿಡಿದವನೇ ತೀರ್ಮಾನಿಸುತ್ತಾನೆ, ಅವನು ನಮ್ಮನ್ನು ಕೇಳುವುದಿಲ್ಲ.